ಮುನ್ನೂರು ಮೇಲ್‌ಗಳ ಮಧ್ಯೆ ಒಂದು ಆರ್ಡರ್: ಅಕೌಂಟ್ ಹ್ಯಾಕ್ ಆದರೆ ಮೊದಲು ಏನು ಮಾಡಬೇಕು

ಬೆಳಗ್ಗೆ ಎದ್ದು ಮೊಬೈಲ್ ನೋಡಿದರೆ ಇನ್‌ಬಾಕ್ಸ್‌ನಲ್ಲಿ ಮುನ್ನೂರು ಚಿಲ್ಲರೆ ಮೇಲ್. ಯಾವುದೋ ದೇಶದ ಚಪ್ಪಲಿ ಅಂಗಡಿ, ಯಾವುದೋ ಊರಿನ ಯೋಗ ಕ್ಲಾಸು, ನಾಯಿ ಸಾಕುವವರ ಸಂಘ, ಎಲ್ಲರೂ 'ನಮ್ಮಲ್ಲಿ ಸೇರಿದ್ದಕ್ಕೆ ಧನ್ಯವಾದ' ಅಂತ ಬರೆದಿದ್ದಾರೆ. ಏನೋ ಸ್ಪ್ಯಾಮ್ ಕಾಟ ಅಂದುಕೊಂಡು ಎಲ್ಲವನ್ನೂ ಒಟ್ಟಿಗೆ ಡಿಲೀಟ್ ಮಾಡಲು ಹೊರಟಿದ್ದೆ. ಪುಣ್ಯಕ್ಕೆ ಮಧ್ಯದಲ್ಲಿ ಒಂದು ಮೇಲ್ ಕಣ್ಣಿಗೆ ಬಿತ್ತು. ರಾತ್ರಿ 2:40ಕ್ಕೆ, ನಾನು ಗೊರಕೆ ಹೊಡೆಯುತ್ತಿದ್ದಾಗ, ನನ್ನ ಹೆಸರಲ್ಲಿ 50 ಡಾಲರ್‌ನ ನಾಲ್ಕು ಗಿಫ್ಟ್ ಕಾರ್ಡ್ ಖರೀದಿಯಾಗಿದ್ದವು. ಉಳಿದ ಮುನ್ನೂರು ಮೇಲ್ ಬಂದಿದ್ದೇ ಈ ಒಂದು ನನಗೆ ಕಾಣದಿರಲಿ ಅಂತ.

ಒಟಿಪಿ ಬರಲಿಲ್ಲವಾ ಅಂತ ಎಲ್ಲರೂ ಕೇಳುತ್ತಾರೆ. ಅದು ವಿದೇಶಿ ಸೈಟು. ಅಲ್ಲಿ ಎಷ್ಟೋ ಸಲ ಒಟಿಪಿ ಕೇಳುವುದೇ ಇಲ್ಲ. ಯಾವತ್ತೋ ಕ್ರೆಡಿಟ್ ಕಾರ್ಡ್ ಸೇವ್ ಮಾಡಿ ಮರೆತಿದ್ದೆ, ಪಾಸ್‌ವರ್ಡ್ ಕೂಡ ಹತ್ತು ಕಡೆ ಬಳಸಿದ್ದ ಅದೇ ಹಳೇದು. ಬ್ಯಾಂಕಿನ ಎಸ್ಸೆಮ್ಮೆಸ್ ಬಂದಿತ್ತು, ಫೋನ್ ಸೈಲೆಂಟ್‌ನಲ್ಲಿತ್ತು.

ಗಾಬರಿಯಲ್ಲಿ ನಾನು ಮಾಡಿದ ದಡ್ಡತನ ಕೇಳಿ. ಮೊದಲು ಆ ಸೈಟಿನ ಪಾಸ್‌ವರ್ಡ್ ಬದಲಾಯಿಸಲು ಕೂತೆ, ಅದಕ್ಕೆ ಅರ್ಧ ಗಂಟೆ ಹೋಯಿತು, ಅಷ್ಟರಲ್ಲಿ ಐದನೇ ಗಿಫ್ಟ್ ಕಾರ್ಡೂ ಹೋಯಿತು. ಹಾಗಾಗಿ ಮೊದಲು ದುಡ್ಡಿನ ದಾರಿ ಮುಚ್ಚಿ. ಬ್ಯಾಂಕ್ ಆಪ್ ತೆರೆದು ಕಾರ್ಡ್ ಬ್ಲಾಕ್ ಮಾಡಿ, ಎರಡು ನಿಮಿಷದ ಕೆಲಸ. ಆಮೇಲೆ ಕಾರ್ಡಿನ ಹಿಂದೆ ಅಚ್ಚಾಗಿರುವ ನಂಬರಿಗೆ ಫೋನ್ ಮಾಡಿ 'ಈ ಖರೀದಿ ನಾನು ಮಾಡಿದ್ದಲ್ಲ' ಅಂತ ಹೇಳಿ, ದೂರಿನ ನಂಬರ್ ಬರೆದುಕೊಳ್ಳಿ. ನಂಬರ್ ಕೊಡದೆ ಫೋನ್ ಇಡಲು ಬಿಡಬೇಡಿ. ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಲೇಬೇಡಿ. ನಕಲಿ ನಂಬರ್ ಹಾಕಿಕೊಂಡು ಕಾಯುತ್ತಾ ಕೂತವರು ಬೇಕಾದಷ್ಟು ಜನ ಇದ್ದಾರೆ.

ತಕ್ಷಣ 1930ಕ್ಕೆ ಕರೆ ಮಾಡಿ. ಇದು ದೇಶಕ್ಕೆಲ್ಲ ಒಂದೇ ಸೈಬರ್ ವಂಚನೆ ಸಹಾಯವಾಣಿ. ಯುಪಿಐ ಅಥವಾ ಬ್ಯಾಂಕ್ ಖಾತೆಯಿಂದ ದುಡ್ಡು ಹೋಗಿದ್ದರಂತೂ ತಡ ಮಾಡಲೇಬಾರದು, ಏಕೆಂದರೆ ಕಳ್ಳ ಅದನ್ನು ಇನ್ನೊಂದು ಖಾತೆಗೆ ದಾಟಿಸುವ ಮೊದಲು ತಡೆಹಿಡಿಯುವುದೇ ಅವರ ಕೆಲಸ. ಲೈನ್ ಸಿಗದಿದ್ದರೆ ಸೈಬರ್‌ಕ್ರೈಮ್ ಡಾಟ್ ಗವ್ ಡಾಟ್ ಇನ್‌ನಲ್ಲಿ ನೀವೇ ದೂರು ದಾಖಲಿಸಬಹುದು.

ಈಗ ಇಮೇಲ್. ಶಾಪಿಂಗ್ ಅಕೌಂಟಿಗಿಂತ ಮೊದಲು ಇದು ನಿಮ್ಮ ಕೈಗೆ ಬರಬೇಕು. ಬೇರೆ ಎಲ್ಲಾ ಪಾಸ್‌ವರ್ಡ್‌ಗಳ ಬೀಗದ ಕೈ ಇರುವುದು ಇಲ್ಲೇ ಅಲ್ವಾ? ಹೊಸ ಪಾಸ್‌ವರ್ಡ್ ಹಾಕಿ, ಎಲ್ಲಾ ಡಿವೈಸ್‌ಗಳಿಂದ ಸೈನ್ ಔಟ್ ಮಾಡಿ, ಎರಡು ಹಂತದ ಪರಿಶೀಲನೆ ಆನ್ ಮಾಡಿ. ರಿಕವರಿ ಫೋನ್, ರಿಕವರಿ ಮೇಲ್ ನಿಮ್ಮದೇನಾ ನೋಡಿ. ಆಮೇಲೆ ಜಾಸ್ತಿ ಜನ ಮರೆಯುವ ಒಂದು ಜಾಗ ಇದೆ: ಜಿಮೇಲ್ ಸೆಟ್ಟಿಂಗ್ಸ್ ಒಳಗಿನ ಫಿಲ್ಟರ್ ಮತ್ತು ಫಾರ್ವರ್ಡಿಂಗ್ (ಬಂದ ಮೇಲ್ ತಾನಾಗಿ ಬೇರೆ ವಿಳಾಸಕ್ಕೆ ಹೋಗುವ ವ್ಯವಸ್ಥೆ). ನನ್ನದರಲ್ಲಿ ನಾನು ಹಾಕದ ಒಂದು ಫಿಲ್ಟರ್ ಇತ್ತು. 'ಆರ್ಡರ್' ಅನ್ನೋ ಪದ ಇರುವ ಮೇಲ್ ಬಂದರೆ ನೇರ ಕಸದ ಬುಟ್ಟಿಗೆ! ಆ ಮೊದಲ ಮೇಲ್ ಬಂದ ಮೇಲೆ ಹಾಕಿದ್ದಿರಬೇಕು. ಅದನ್ನು ತೆಗೆಯದೆ ಪಾಸ್‌ವರ್ಡ್ ಎಷ್ಟು ಸಲ ಬದಲಾಯಿಸಿದರೂ ಅಂಥ ಮೇಲ್ ಮುಂದೆಯೂ ಕಾಣುತ್ತಿರಲಿಲ್ಲ. ಇಷ್ಟಾದ ಮೇಲೆ ಶಾಪಿಂಗ್ ಅಕೌಂಟ್‌ಗೆ ಹೋಗಿ, ಸೇವ್ ಆದ ಕಾರ್ಡ್ ತೆಗೆಯಿರಿ, ಗುರುತಿಲ್ಲದ ವಿಳಾಸ ಅಳಿಸಿ, ಇನ್ನೂ ರವಾನೆಯಾಗದ ಆರ್ಡರ್ ಇದ್ದರೆ ರದ್ದು ಮಾಡಿ. ಅಳಿಸುವ ಮೊದಲು ಎಲ್ಲದರ ಸ್ಕ್ರೀನ್‌ಶಾಟ್ ತೆಗೆದಿಡಿ.

ದುಡ್ಡು ವಾಪಸ್ ಬರುತ್ತಾ? 2017ರ ಜುಲೈನಲ್ಲಿ ಆರ್‌ಬಿಐ ಹೊರಡಿಸಿದ ಸುತ್ತೋಲೆ ಇದೆ, ಬ್ಯಾಂಕಿನವರ ಜೊತೆ ಮಾತಾಡುವಾಗ ಅದರ ಹೆಸರು ಹೇಳಿ, ಮಾತಿನ ಧಾಟಿಯೇ ಬದಲಾಗುತ್ತದೆ. ತಪ್ಪು ನಿಮ್ಮದೂ ಅಲ್ಲ, ಬ್ಯಾಂಕಿನದೂ ಅಲ್ಲ, ಮೂರನೆಯವರದ್ದು ಅಂತಿದ್ದು, ಬ್ಯಾಂಕಿನ ಸಂದೇಶ ಬಂದ ಮೂರು ಕೆಲಸದ ದಿನದೊಳಗೆ ತಿಳಿಸಿದರೆ ನಿಮ್ಮ ಹೊಣೆ ಸೊನ್ನೆ. ನಾಲ್ಕರಿಂದ ಏಳು ಕೆಲಸದ ದಿನ ಆದರೆ ಒಂದು ಮಿತಿಯವರೆಗೆ ನಿಮ್ಮ ತಲೆಗೆ ಬರುತ್ತದೆ, ಸಾಮಾನ್ಯ ಉಳಿತಾಯ ಖಾತೆಗೆ ಅದು 10,000 ರೂಪಾಯಿ. ತಿಳಿಸಿದ ಹತ್ತು ಕೆಲಸದ ದಿನದಲ್ಲಿ ಬ್ಯಾಂಕ್ ತಾತ್ಕಾಲಿಕವಾಗಿ ಮೊತ್ತ ಜಮಾ ಮಾಡಬೇಕು, 90 ದಿನದಲ್ಲಿ ದೂರು ಮುಗಿಸಬೇಕು. ಗ್ರಾಹಕನದೇ ತಪ್ಪು ಅಂತ ಸಾಬೀತು ಮಾಡುವ ಭಾರವೂ ಬ್ಯಾಂಕಿನ ಮೇಲೇ.

ಒಟಿಪಿ ನೀವೇ ಹೇಳಿಬಿಟ್ಟಿದ್ದರೆ ಕಥೆ ಬೇರೆ, ತಿಳಿಸುವವರೆಗಿನ ನಷ್ಟ ನಿಮ್ಮದು. ಆದರೆ ತಿಳಿಸಿದ ಮೇಲೆ ಹೋಗುವ ದುಡ್ಡು ಬ್ಯಾಂಕಿನ ಹೊಣೆ. ಅದಕ್ಕೇ ನಾಚಿಕೆ ಅಂತ ಸುಮ್ನೆ ಕೂರಬೇಡಿ. ನಮ್ಮ ಭಾವ ಒಮ್ಮೆ ಅಕ್ಕನಿಗೆ ಗೊತ್ತಾದರೆ ಬೈತಾಳೆ ಅಂತ ಎರಡು ದಿನ ಬಾಯಿ ಬಿಡದೆ ಇದ್ದರು, ಆ ಎರಡು ದಿನದಲ್ಲಿ ಇನ್ನೂ ಎರಡು ಸಲ ದುಡ್ಡು ಹೋಯಿತು.

ಫೋನಿನಲ್ಲಿ ಹೇಳಿದ್ದನ್ನೇ ಮೇಲ್‌ನಲ್ಲೂ ಬರೆದು ಹಾಕಿ. 30 ದಿನವಾದರೂ ಉತ್ತರ ಇಲ್ಲ ಅಂದರೆ ಬ್ಯಾಂಕಿನ ಮೇಲಿನ ದೂರು ವಿಚಾರಿಸುವ ಆರ್‌ಬಿಐ ಒಂಬುಡ್ಸ್‌ಮನ್‌ಗೆ ಆನ್‌ಲೈನ್‌ನಲ್ಲೇ ದೂರು ಕೊಡಬಹುದು, ಶುಲ್ಕ ಇಲ್ಲ. ಹೊಸ ಕಾರ್ಡ್ ಬಂದ ದಿನವೇ ಆಪ್‌ನಲ್ಲಿ ಅಂತರರಾಷ್ಟ್ರೀಯ ವ್ಯವಹಾರ ಆಫ್ ಇದೆಯಾ ನೋಡಿ, ಬೇಕಾದಾಗ ಐದು ನಿಮಿಷ ಆನ್ ಮಾಡಿಕೊಂಡರೆ ಸಾಕು.

ದೂರು ಕೊಟ್ಟ ನಾಲ್ಕನೇ ದಿನ ನನಗೊಂದು ಕರೆ ಬಂತು. ಚೆಂದದ ಕನ್ನಡ, 'ಸರ್' ಬಿಟ್ಟು ಮಾತಿಲ್ಲ. ನಿಮ್ಮ ರಿಫಂಡ್ ರೆಡಿ ಇದೆ, ಒಂದು ಸ್ಕ್ರೀನ್ ಶೇರ್ ಆಪ್ ಹಾಕಿಕೊಳ್ಳಿ ಸಾಕು ಅಂದ. ಯಾವ ಬ್ಯಾಂಕೂ ಹಾಗೆ ಕೇಳುವುದಿಲ್ಲ. ನನ್ನ ದೂರಿನ ನಂಬರ್ ಎಷ್ಟು ಹೇಳಿ ಅಂದೆ, ಫೋನ್ ಇಟ್ಟ. ಆ ಕರೆ ಬಂದ ನಂಬರನ್ನು ಸಂಚಾರ್ ಸಾಥಿ ಅನ್ನುವ ಸರ್ಕಾರಿ ಪೋರ್ಟಲ್‌ನ ಚಕ್ಷು ವಿಭಾಗದಲ್ಲಿ (ಅನುಮಾನಾಸ್ಪದ ಕರೆಗಳ ಬಗ್ಗೆ ತಿಳಿಸುವ ಜಾಗ) ವರದಿ ಮಾಡಿ, ನನ್ನ ಫೋನಿನಲ್ಲಿ ಬ್ಲಾಕ್ ಮಾಡಿದೆ.