ಪ್ರಗತಿ ಸ್ಕಾಲರ್‌ಶಿಪ್: ಪೋರ್ಟಲ್ ತೆರೆಯೋ ಮೊದಲು ನಾನು ಮಾಡಿಕೊಂಡ ತಯಾರಿ

ಸ್ಕಾಲರ್‌ಶಿಪ್ ಅಂದ ಕೂಡಲೇ ಎಲ್ಲರೂ ಕೇಳುವುದು ‘ಎಷ್ಟು ಪರ್ಸೆಂಟ್ ಬಂದಿದೆ?’ ಅಂತ. ನಾನು ಮೊದಲು ನೋಡಿದ್ದು ಅಂಕವನ್ನಲ್ಲ, ನಿಯಮಗಳನ್ನು.

ಇಂಜಿನಿಯರಿಂಗ್ ಸೇರಿದ ವರ್ಷ ನನಗೆ ಹೊಂದುವಂಥವು ಎರಡಿದ್ದವು. ಎರಡಕ್ಕೂ ಅರ್ಜಿ ರಾಷ್ಟ್ರೀಯ ಸ್ಕಾಲರ್‌ಶಿಪ್ ಪೋರ್ಟಲ್‌ನಲ್ಲೇ. ಒಂದು ಕೇಂದ್ರ ವಲಯದ ಸ್ಕಾಲರ್‌ಶಿಪ್. ಮನೆಯ ಆದಾಯ ವರ್ಷಕ್ಕೆ 4.5 ಲಕ್ಷ ದಾಟಬಾರದು, ಪಿಯುಸಿಯಲ್ಲಿ 80ನೇ ಪರ್ಸೆಂಟೈಲ್‌ಗಿಂತ ಮೇಲಿರಬೇಕು, ಅಂದರೆ ಪರೀಕ್ಷೆ ಬರೆದ ನೂರರಲ್ಲಿ 80 ಜನರಿಗಿಂತ ಮುಂದಿರಬೇಕು. ಮೊದಲ 3 ವರ್ಷ ತಲಾ 12,000 ರೂಪಾಯಿ ಬರುತ್ತದೆ. ಇನ್ನೊಂದು ಎಐಸಿಟಿಇಯ (ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ) ಪ್ರಗತಿ. ಇದು ತಾಂತ್ರಿಕ ಕೋರ್ಸ್ ಓದುವ ಹುಡುಗಿಯರಿಗೆ ಮಾತ್ರ. ಆದಾಯ ಮಿತಿ 8 ಲಕ್ಷ, ಮೊತ್ತ ವರ್ಷಕ್ಕೆ 50,000. ಒಂದೇ ಮನೆಯ ಇಬ್ಬರು ಹೆಣ್ಣುಮಕ್ಕಳವರೆಗೂ ಸಿಗುತ್ತದೆ. ನಮ್ಮ ಮನೆಗೆ ಇದು ಎಷ್ಟು ದೊಡ್ಡ ವಿಷಯ ಅಂತ ಹೇಳಬೇಕಿಲ್ಲ, ನನ್ನ ತಂಗಿಯೂ ಓದುತ್ತಿದ್ದಾಳೆ.

ಎರಡನ್ನೂ ಒಟ್ಟಿಗೆ ಪಡೆಯುವಂತಿಲ್ಲ. ಹಾಗಾಗಿ ಪ್ರಗತಿಯನ್ನೇ ಆರಿಸಿಕೊಂಡೆ. ಕಾಲೇಜಿಗೆ ಎಐಸಿಟಿಇ ಮಾನ್ಯತೆ ಇದೆಯಾ ಅಂತ ಖಚಿತ ಮಾಡಿಕೊಂಡೆ. ಪ್ರಗತಿಗೆ ಹೊಸ ಅರ್ಜಿ ಹಾಕಬಹುದಾದದ್ದು ಮೊದಲ ವರ್ಷದಲ್ಲಿ, ಡಿಪ್ಲೊಮಾ ಮುಗಿಸಿ ಬಂದವರಾದರೆ ಎರಡನೇ ವರ್ಷದಲ್ಲಿ. ಆ ಅವಕಾಶ ಹೋದರೆ ಹೋಯಿತು.

ಜಾಸ್ತಿ ಸಮಯ ಕೊಟ್ಟಿದ್ದು ದಾಖಲೆಗಳಿಗೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಬ್ಯಾಂಕ್ ಪಾಸ್‌ಬುಕ್ ಮೂರನ್ನೂ ಎದುರಿಗಿಟ್ಟುಕೊಂಡು ಹೆಸರಿನ ಒಂದೊಂದು ಅಕ್ಷರ, ಇನಿಷಿಯಲ್ ಎಲ್ಲ ಹೋಲಿಸಿದೆ. ಅಂಕಪಟ್ಟಿಯಲ್ಲಿ ಇರುವಂತೆಯೇ ಆಧಾರ್‌ನಲ್ಲಿ ಇರಬೇಕು ಅಂತ ತಿದ್ದುಪಡಿ ಮೊದಲೇ ಮಾಡಿಸಿದೆ. ಆಮೇಲೆ ಬ್ಯಾಂಕಿಗೆ ಹೋಗಿ ಖಾತೆಗೆ ಆಧಾರ್ ಸೀಡಿಂಗ್ (ಜೋಡಣೆ) ಮಾಡಿಸಿದೆ. ಹಣ ಬರುವುದು ಎನ್‌ಪಿಸಿಐ (ರಾಷ್ಟ್ರೀಯ ಪಾವತಿ ನಿಗಮ) ಪಟ್ಟಿಯಲ್ಲಿ ನಿಮ್ಮ ಆಧಾರ್‌ಗೆ ಜೋಡಣೆಯಾದ ಖಾತೆಗೆ. ಬ್ಯಾಂಕಿನಲ್ಲಿ ಸುಮ್ನೆ ಆಧಾರ್ ಜೆರಾಕ್ಸ್ ಕೊಟ್ಟು ಬಂದರೆ ಸಾಲದು, ‘ಡಿಬಿಟಿಗೆ (ಸರ್ಕಾರದ ಹಣ ನೇರವಾಗಿ ಖಾತೆಗೆ ಬರುವ ವ್ಯವಸ್ಥೆ) ಸೀಡಿಂಗ್ ಆಗಿದೆಯಾ’ ಅಂತಲೇ ಕೇಳಿ. ಎಲ್ಲ ಸರಿಯಿದ್ದೂ ಇದೊಂದಕ್ಕೆ ಹಣ ನಿಂತುಹೋದರೆ ಎಷ್ಟು ಸಂಕಟ ಅಲ್ವಾ?

ಆದಾಯ ಪ್ರಮಾಣಪತ್ರ ನಾಡಕಚೇರಿಯಿಂದ ಮಾಡಿಸಿದ್ದು. ಪೋರ್ಟಲ್ ತೆರೆದ ಮೇಲೆ ಒಟಿಆರ್ (ಒಂದೇ ಬಾರಿ ಮಾಡುವ ನೋಂದಣಿ) ನಂಬರ್ ಪಡೆದು ಅರ್ಜಿ ತುಂಬಿದ್ದು ಸುಲಭದ ಕೆಲಸ.

ಸಬ್ಮಿಟ್ ಒತ್ತಿದ ಮೇಲೆ ಅರ್ಜಿ ಕಾಲೇಜಿನ ನೋಡಲ್ ಅಧಿಕಾರಿಯ ಲಾಗಿನ್‌ಗೆ ಹೋಗುತ್ತದೆ. ಅವರು ಪರಿಶೀಲಿಸದಿದ್ದರೆ ಮುಂದಕ್ಕೆ ಹೋಗುವುದಿಲ್ಲ. ಅದಕ್ಕೇ ಅರ್ಜಿಯ ಪ್ರಿಂಟ್, ದಾಖಲೆಗಳ ಪ್ರತಿ ಹಿಡಿದು ನಾನೇ ಅವರನ್ನು ಕಂಡೆ. ಪೋರ್ಟಲ್‌ನಲ್ಲಿ ಸ್ಟೇಟಸ್ ಬದಲಾಗುವವರೆಗೂ ನೋಡುತ್ತಲೇ ಇದ್ದೆ. ಪ್ರತಿ ವರ್ಷ ರಿನ್ಯೂವಲ್ ಅರ್ಜಿಯನ್ನೂ ನಾವೇ ಹಾಕಬೇಕು, ತಾನಾಗಿಯೇ ಮುಂದುವರಿಯುವುದಿಲ್ಲ.