ಹೆಸರು ಬಿಟ್ಟು ನಂಬರ್ ಹಿಡಿದ ಮೇಲೆ ಸಿಕ್ಕ ಪುಸ್ತಕ

ಬುಕ್ ಬೈಂಡಿಂಗ್ ಬಗ್ಗೆ ಒಂದು ಹಳೆಯ ಕೈಪಿಡಿ ಬೇಕಿತ್ತು. ಮುದ್ರಣ ನಿಂತು ಎಷ್ಟೋ ವರ್ಷವಾಗಿತ್ತು. ಹೆಸರು ಹಾಕಿ ಹುಡುಕಿದರೆ ಒಂದೇ ಪ್ರತಿ, ಅದರ ಬೆಲೆ ನೋಡಿ ಕಂಪ್ಯೂಟರ್ ಮುಚ್ಚಿಟ್ಟೆ. ಆಮೇಲೆ ಗೊತ್ತಾಯಿತು, ಒಂದೋ ಎರಡೋ ಪ್ರತಿ ಇದ್ದಾಗ ಬೆಲೆ ಹಾಕುವುದು ಎಷ್ಟೋ ಸಲ ಪ್ರೋಗ್ರಾಂ, ಮನುಷ್ಯರಲ್ಲ. 2011ರಲ್ಲಿ ಅಮೆಜಾನ್‌ನಲ್ಲಿ ಇಬ್ಬರು ಮಾರಾಟಗಾರರ ಪ್ರೋಗ್ರಾಂಗಳು ಒಂದನ್ನೊಂದು ನೋಡಿ ಬೆಲೆ ಏರಿಸುತ್ತಾ ಹೋಗಿ, ನೊಣಗಳ ಬಗೆಗಿನ ಒಂದು ಪುಸ್ತಕ 2.3 ಕೋಟಿ ಡಾಲರ್ ದಾಟಿತ್ತು!

ಮತ್ತೆ ಹುಡುಕಿದಾಗ ಮೊದಲು ವರ್ಲ್ಡ್‌ಕ್ಯಾಟ್ ತೆರೆದೆ. ಅದು ಲೈಬ್ರರಿಗಳ ಕ್ಯಾಟಲಾಗ್, ಅಲ್ಲಿ ಏನೂ ಮಾರುವುದಿಲ್ಲ. ಆದರೆ ಒಂದು ಪುಸ್ತಕ ಯಾವ ವರ್ಷ ಯಾರಿಂದ ಬಂತು ಅಂತ ಅಲ್ಲಿ ಸಿಗುತ್ತದೆ. ನನ್ನ ಕೈಪಿಡಿಗೆ ಪೇಪರ್‌ಬ್ಯಾಕೂ ಇತ್ತು, ಇನ್ನೊಬ್ಬ ಪ್ರಕಾಶಕರು ಬೇರೆ ಹೆಸರಲ್ಲಿ ತಂದ ಆವೃತ್ತಿಯೂ ಇತ್ತು! ಒಂದೊಂದಕ್ಕೂ ಬೇರೆ ಗುರುತಿನ ನಂಬರ್, ಅಂದರೆ ಐಎಸ್‌ಬಿಎನ್. ಆ ನಂಬರ್‌ಗಳನ್ನು ಬುಕ್‌ಫೈಂಡರ್‌ಗೆ ಹಾಕಿದೆ, ಅದು ಹಲವು ಅಂಗಡಿಗಳಲ್ಲಿ ಒಟ್ಟಿಗೆ ಹುಡುಕಿ ಅಂಚೆ ಖರ್ಚು ಸೇರಿಸಿ ತೋರಿಸುತ್ತದೆ. 2007ಕ್ಕಿಂತ ಹಿಂದಿನ ಪುಸ್ತಕದ ಮೇಲೆ ಸಾಮಾನ್ಯವಾಗಿ 10 ಅಂಕಿ ಇರುತ್ತದೆ, ಈಗ 13. 10 ಅಂಕಿಯದನ್ನು 13 ಮಾಡಲು ಸುಮ್ನೆ ಮುಂದೆ 978 ಅಂಟಿಸಿದರೆ ಆಗಲ್ಲ, ಕೊನೆಯ ಅಂಕಿಯನ್ನು ಮತ್ತೆ ಲೆಕ್ಕ ಹಾಕಬೇಕು. ಇನ್ನೂ ಹಳೆಯವಕ್ಕೆ ನಂಬರೇ ಇಲ್ಲ. ಆಗ ಲೇಖಕರ ಹೆಸರಿನ ಜೊತೆ ಶೀರ್ಷಿಕೆಯ ಒಂದೇ ಒಂದು ಅಪರೂಪದ ಪದ ಹಾಕಿದರೆ ಸಾಕು.

ಮೊದಲ ಆರ್ಡರ್‌ನಲ್ಲಿ ಏಮಾರಿದೆ. ಎಲ್ಲಕ್ಕಿಂತ ಅಗ್ಗದ್ದನ್ನೇ ತರಿಸಿದೆ, ಬಂದದ್ದು ಸ್ಕ್ಯಾನ್ ಮಾಡಿ ಅಚ್ಚು ಹಾಕಿದ ಪ್ರತಿ. ಚಿತ್ರಗಳೆಲ್ಲ ಕಪ್ಪು ಮಸಿ, ಎರಡು ಪುಟ ಇಲ್ಲವೇ ಇಲ್ಲ. ಚಿತ್ರ ನೋಡಿ ಕಲಿಯೋ ಕೆಲಸ ಅಲ್ವಾ ಇದು! ಈಗ 'ಪ್ರಿಂಟ್ ಆನ್ ಡಿಮ್ಯಾಂಡ್' (ಆರ್ಡರ್ ಬಂದ ಮೇಲೆ ಅಚ್ಚು ಹಾಕುವುದು) ಅಂತ ಕಂಡರೆ ಒಳಪುಟದ ಫೋಟೋ ಕೇಳುತ್ತೇನೆ. ಪುಸ್ತಕದ ಸ್ಥಿತಿ 'ಗುಡ್' ಅಂತ ಬರೆದಿದ್ದರೂ ಖುಷಿಪಡಬೇಡಿ, ಈ ವ್ಯಾಪಾರದಲ್ಲಿ 'ಗುಡ್' ಅಂದರೆ ಚೆನ್ನಾಗಿಯೇ ಸವೆದದ್ದು. ನನಗೆ ಜಾಸ್ತಿ ಇಷ್ಟ 'ಎಕ್ಸ್ ಲೈಬ್ರರಿ' ಪ್ರತಿಗಳು, ಅಂದರೆ ಲೈಬ್ರರಿಗಳು ತೆಗೆದುಹಾಕಿದವು. ಸೀಲು, ಚೀಟಿ ಇರುವುದರಿಂದ ಸಂಗ್ರಹಕಾರರು ಮುಟ್ಟುವುದಿಲ್ಲ, ಹಾಗಾಗಿ ಬೆಲೆ ಇಳಿದಿರುತ್ತದೆ.

ಕೊನೆಗೆ ಹಳೆಯ ಪುಸ್ತಕ ಮಾರುವ ತಾಣ ಏಬ್‌ಬುಕ್ಸ್‌ನಲ್ಲಿ ಬೇಕಾದ ಪುಸ್ತಕದ ವಿವರ ಬರೆದಿಟ್ಟು ಮರೆತುಬಿಟ್ಟೆ. ಕೆಲವು ತಿಂಗಳ ಮೇಲೆ ಇಮೇಲ್ ಬಂತು: ಬೇರೆ ಹೆಸರಿನ ಅದೇ ಆವೃತ್ತಿ, ಲೈಬ್ರರಿ ಸೀಲಿನ ಜೊತೆಗೆ, ಮೊದಲು ಕಂಡ ಬೆಲೆಯ ಹತ್ತನೇ ಒಂದು ಭಾಗಕ್ಕೆ. ಒಳಗೆ ಯಾರೋ ಒಂದು ಅಳತೆಯ ಪಕ್ಕ ಪೆನ್ಸಿಲಿನಲ್ಲಿ 'ತಪ್ಪು' ಅಂತ ಗುರುತು ಹಾಕಿದ್ದಾರೆ. ರಟ್ಟು ಕತ್ತರಿಸಿ ನೋಡಿದೆ, ನಿಜವಾಗಿಯೂ ತಪ್ಪೇ.