ಗೀಗೀ ಮ್ಯಾಳ ಕಟ್ಟುವವರಿಗೆ

ಗೀಗೀ ಪದ ಹಾಡುವ ಮ್ಯಾಳ (ತಂಡ) ಕಟ್ಟಲು ಹೊರಟವರು ಮೊದಲು ಮುಂದೆ ಹಾಡುವವರನ್ನು ಹುಡುಕುತ್ತಾರೆ. ಹುಡುಕಬೇಕಾದದ್ದು ಹಿಮ್ಮೇಳದವರನ್ನು. ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಜಾತ್ರೆಯಲ್ಲಿ ಹರದೇಶಿ-ನಾಗೇಶಿ ಹಾಡಿಕಿ, ಅಂದರೆ ಎರಡು ಮ್ಯಾಳಗಳ ಸವಾಲು-ಜವಾಬಿನ ಹಾಡು, ಶುರುವಾದರೆ ಬೆಳಕು ಹರಿಯುವವರೆಗೂ ನಡೆಯುತ್ತದೆ; ಅಷ್ಟು ಹೊತ್ತು ಒಂದೇ ಕೊರಳು ತಾಳದು. ನುಡಿ ಮುಗಿದಲ್ಲಿ ಹಿಂದಿನವರು ‘ಗೀಯ ಗೀಯ’ ಎಂದು ಎತ್ತಿಕೊಳ್ಳುತ್ತಾರಲ್ಲ, ಮುಂದಿನವರಿಗೆ ಉಸಿರು ಸಿಗುವುದೂ ಮುಂದಿನ ಸಾಲು ನೆನಪಾಗುವುದೂ ಅಲ್ಲೇ.

ಮೂವರು ಸಾಕು: ಮುಂದಿನವರಿಗೆ ದಪ್ಪು ಎಂಬ ಚರ್ಮವಾದ್ಯ, ಹಿಂದೆ ಒಬ್ಬರಿಗೆ ತುಂತುಣಿ ಎಂಬ ತಂತಿವಾದ್ಯ, ಇನ್ನೊಬ್ಬರಿಗೆ ತಾಳ. ನಾಲ್ಕನೆಯವರಿದ್ದರೆ ಕೊರಳು ಕಟ್ಟಿದಾಗ ಆಸರೆ, ಆದರೆ ದುಡ್ಡೂ ನಾಲ್ಕು ಪಾಲು.

ಶ್ರುತಿಯನ್ನು ಸಂಜೆಯ ಉಮೇದಿನಲ್ಲಿ ಹಿಡಿಯಬೇಡಿ. ಆಗ ಆರಾಮಾಗಿ ಏರುವ ಸ್ವರ ನಡುರಾತ್ರಿಯ ಹೊತ್ತಿಗೆ ಚೀರಾಟವಾಗುತ್ತದೆ. ಅರ್ಧ ಸ್ವರವಾದರೂ ಇಳಿಸಿ ತುಂತುಣಿಯ ತಂತಿ ಬಿಗಿಯಿರಿ. ಮುಂದೆ ಹೆಣ್ಣುಮಗಳು, ಹಿಂದೆ ಗಂಡಸರು ಇದ್ದರೆ ಹಿಂದಿನವರು ಕೆಳಗಿನ ಸ್ಥಾಯಿಯಲ್ಲೇ ಹಾಡಲಿ. ಅವಳ ಎತ್ತರಕ್ಕೆ ಹೋಗಲು ನೋಡಿದರೆ ಎರಡೇ ಪದಕ್ಕೆ ಕೊರಳು ಒಡೆಯುತ್ತದೆ. ತಂತಿ ಪದೇ ಪದೇ ಇಳಿಯುತ್ತಿದ್ದರೆ ತಂತಿ ಬಿಗಿಯುವ ಬಿರಡೆ ಜಾರುತ್ತಿದೆ ಎಂದರ್ಥ. ಅದಕ್ಕೆ ಚೂರು ಖಡುವಿನ (ಸೀಮೆಸುಣ್ಣದ) ಪುಡಿ ಹಚ್ಚಿ, ಒಳಗೆ ಒತ್ತಿ ತಿರುಗಿಸಿ. ಚೀಲದಲ್ಲಿ ಎರಡು ತಂತಿ ಹೆಚ್ಚಿಗೆ ಇರಲಿ.

ದಪ್ಪಿನ ಚರ್ಮ ಇಬ್ಬನಿಗೆ ಸಡಿಲಾಗಿ ದನಿ ಮಂಕಾಗುತ್ತದೆ. ಬೆಂಕಿಯಿಂದ ಒಂದು ಮೊಳ ದೂರ ಹಿಡಿದು, ಸುತ್ತ ತಿರುಗಿಸುತ್ತ ಕಾಯಿಸಿ, ನಡುನಡುವೆ ಬೆರಳಿನಿಂದ ಬಡಿದು ನೋಡಿ. ದನಿ ಟಣ್ಣೆಂದ ಕೂಡಲೇ ತೆಗೆಯಿರಿ. ಉರಿಯ ಮೇಲೇ ಹಿಡಿದರೆ ಚರ್ಮ ಬಿರಿಯುತ್ತದೆ, ಆಮೇಲೆ ಹೊಸ ಚರ್ಮ ಮುಚ್ಚಿಸುವುದೊಂದೇ ದಾರಿ.

ತಾಲೀಮಿನಲ್ಲಿ ಹೆಚ್ಚು ಹೊತ್ತು ಕೊಡಬೇಕಾದದ್ದು ಎತ್ತುಗಡೆಗೆ, ಅಂದರೆ ಹಿಂದಿನವರು ‘ಗೀಯ ಗೀಯ’ ಎತ್ತಿಕೊಳ್ಳುವುದಕ್ಕೆ. ಹಿಮ್ಮೇಳದವರು ಅರ್ಧ ಮಾತ್ರೆ ಮೊದಲೇ ನುಗ್ಗಿದರೂ ಸಾಲಿನ ಕೊನೆಯ ಶಬ್ದ ಮುಚ್ಚಿಹೋಗುತ್ತದೆ. ಸವಾಲಿನ ಪದದಲ್ಲಿ ಕೊಕ್ಕೆ ಇರುವುದು ಬಹುಮಟ್ಟಿಗೆ ಆ ಶಬ್ದದಲ್ಲೇ. ‘ನೀವು ಕೇಳಿದ್ದೇ ತಿಳಿಯಲಿಲ್ಲ’ ಎಂದು ಎದುರಿನ ಮ್ಯಾಳ ಜಾರಿಕೊಂಡರೆ ತಪ್ಪು ಅವರದಲ್ಲ. ತಾಳ, ದಪ್ಪು ಎರಡನ್ನೂ ಬದಿಗಿಟ್ಟು, ಬರೀ ಚಪ್ಪಾಳೆಯ ಮೇಲೆ ಹಾಡಿ ನೋಡಿ. ಯಾರು ಆತುರಗಾರರೋ ಗೊತ್ತಾಗುತ್ತದೆ.

ಹರದೇಶಿಯವರು ಶಿವ ಹೆಚ್ಚು, ಗಂಡು ಹೆಚ್ಚು ಎಂದು ವಾದಿಸಿದರೆ ನಾಗೇಶಿಯವರದು ಶಕ್ತಿಯ ಪಕ್ಷ, ಹೆಣ್ಣಿನ ಪಕ್ಷ. ನಿಮ್ಮ ಪಕ್ಷದ ಪದಗಳಷ್ಟೇ ಬಾಯಿಗೆ ಬಂದರೆ ಸಾಲದು. ಎದುರಿನವರ ಪದಗಳೂ ಗೊತ್ತಿರಬೇಕು, ಇಲ್ಲವಾದರೆ ಜವಾಬು ಹೊಳೆಯುವುದಿಲ್ಲ. ವಹಿಯ ಎಡಪುಟದಲ್ಲಿ ಸವಾಲು, ಬಲಪುಟದಲ್ಲಿ ಜವಾಬು ಬರೆದಿಡಿ. ವಿಜಯಪುರ ಜಿಲ್ಲೆಯ ಹಲಸಂಗಿ ಖಾಜಾಭಾಯಿಯಂಥ ಹಳಬರ ಲಾವಣಿಗಳನ್ನು ಧಾಟಿಗಾಗಿ ಕಲಿಯಿರಿ. ಪುರಾಣದ ಹೆಸರು, ಸಂಬಂಧಗಳಲ್ಲಿ ಎಡವಿದವರನ್ನು ಮಾತ್ರ ಕಟ್ಟೆಯ ಮೇಲೆ ಕೂತ ಮುದುಕರು ಬಿಡುವುದಿಲ್ಲ.

ಮೈಕು ಎರಡೇ ಇದ್ದರೆ ಒಂದು ಮುಂದಿನವರ ಬಾಯಿಗೆ, ಇನ್ನೊಂದು ಹಿಮ್ಮೇಳದವರ ನಡುವೆ, ತುಂತುಣಿಗೆ ಹತ್ತಿರವಾಗಿ. ದಪ್ಪಿಗೆ ಮೈಕು ಬೇಡವೇ ಬೇಡ, ತುಂತುಣಿಯನ್ನು ನುಂಗಿಬಿಡುತ್ತದೆ.

ಕರೆಯಲು ಬಂದವರ ಹತ್ತಿರ ಮುಂಗಡ ಹಿಡಿಯುವಾಗಲೇ ಗಾಡಿ ಬಾಡಿಗೆ, ಊಟ, ಎಷ್ಟು ಹೊತ್ತಿನ ಹಾಡಿಕಿ, ಎದುರಿಗೆ ಯಾವ ಮ್ಯಾಳ ಇವೆಲ್ಲ ಕೇಳಿಕೊಳ್ಳಿ. ಬಯಲಾಟಕ್ಕೋ ಕುಸ್ತಿಗೋ ಸಮಯ ಬಿಟ್ಟುಕೊಡಬೇಕಾಗಿ ಬಂದರೆ ಬಾಕಿ ದುಡ್ಡು ಕಡಿಮೆಯಾಗಬಾರದು ಎಂಬುದನ್ನೂ ಅಲ್ಲೇ ಆಡಿಬಿಡಿ.